ನಾಯಿಯ ಮೊಣಕೈಗೆ ಅಲ್ಟ್ರಾಸೌಂಡ್: ಮಾಡಿಸಿದ್ದು ಒಳ್ಳೆಯದಾಯಿತು, ಆದರೆ ಅದೊಂದೇ ಸಾಲದು

ನಮ್ಮ ಲ್ಯಾಬ್ರಡಾರ್‌ಗೆ ಆಗ 8 ತಿಂಗಳು. ಮಲಗಿ ಎದ್ದ ಕೂಡಲೇ ಎಡ ಮುಂಗಾಲು ಕುಂಟುತ್ತಿದ್ದ, ಸ್ವಲ್ಪ ಓಡಾಡಿದರೆ ಸರಿಹೋಗುತ್ತಿತ್ತು. ಆ ಕಾಲು ನೆಲಕ್ಕೆ ಊರುವಾಗಲೆಲ್ಲ ತಲೆ ಮೇಲಕ್ಕೆತ್ತುತ್ತಿದ್ದ. ಎಕ್ಸ್‌ರೇ ತೆಗೆಸಿದೆವು, ಸ್ಪಷ್ಟವಾಗಿ ಏನೂ ಕಾಣಲಿಲ್ಲ. ಮೊಣಕೈಯಲ್ಲಿ ಮೂರು ಮೂಳೆ ಸೇರುತ್ತವೆ, ಚಿತ್ರದಲ್ಲಿ ಒಂದರ ಮೇಲೊಂದು ಬಿದ್ದು, ಮೂಳೆಯಿಂದ ಒಡೆದ ಚಿಕ್ಕ ತುಂಡು ಇದ್ದರೂ ಮರೆಯಾಗಿಬಿಡುತ್ತದೆ. ಅದಕ್ಕೇ ಅಲ್ಟ್ರಾಸೌಂಡ್ ಮಾಡಿಸಲು ಹೊರಟೆವು.

ಮೊದಲು ಹೋದ ಕಡೆ ಕೂದಲೂ ಬೋಳಿಸಲಿಲ್ಲ. ಸ್ಪಿರಿಟ್ ಸುರಿದು, ಕುಂಟುವ ಕಾಲನ್ನು ಮಾತ್ರ ಎರಡು ನಿಮಿಷ ನೋಡಿ, ಏನೂ ಇಲ್ಲ ಎಂದು ಕಳಿಸಿದರು. ದಟ್ಟ ಕೂದಲಿನ ನಡುವೆ ಗಾಳಿ ಇದ್ದರೆ ಚಿತ್ರ ಮಸುಕಾಗುತ್ತದೆ ಅನ್ನೋದು ಆಮೇಲೆ ಗೊತ್ತಾಗಿ ತುಂಬಾ ಬೇಜಾರಾಯಿತು. ಅವನ ನೋವು ಸುಮ್ನೆ ಇನ್ನಷ್ಟು ದಿನ ಮುಂದುವರಿಯಿತಲ್ವಾ?

ಎರಡನೇ ಡಾಕ್ಟರ್ ಕೆಲಸವೇ ಬೇರೆ. ಎರಡೂ ಮೊಣಕೈ ಬೋಳಿಸಿ, ಜೆಲ್ ಹಚ್ಚಿ, ಮೇಲ್ಮೈಗೆ ಹತ್ತಿರದ್ದನ್ನು ಚೆನ್ನಾಗಿ ತೋರಿಸುವ ಹೈ ಫ್ರೀಕ್ವೆನ್ಸಿ ಪ್ರೋಬ್ ಹಾಕಿದರು. ಅರಿವಳಿಕೆ ಬೇಕಾಗಲಿಲ್ಲ, ನಾನು ಅವನ ತಲೆ ಹಿಡಿದು ಕೂತಿದ್ದೆ ಅಷ್ಟೆ. ಮೊದಲು ಬಲಗಾಲು ತೋರಿಸಿದರು. ಮೂಳೆಯ ಅಂಚು ನಯವಾದ ಬಿಳಿ ಗೆರೆ. ಎಡಗಾಲಿಗೆ ಬಂದಾಗ ಅದೇ ಗೆರೆ ಒಳಬದಿಯಲ್ಲಿ ಒಂದು ಕಡೆ ಒರಟಾಗಿತ್ತು, ಪಕ್ಕದಲ್ಲೇ ಕಪ್ಪು ಪಟ್ಟಿ. ಡಾಕ್ಟರ್ ಮೊಣಕೈ ಮಡಚಿ ಬಿಡಿಸಿದಂತೆ ಆ ಕಪ್ಪು ಪಟ್ಟಿ ಅಗಲವಾಗಿ ಕಿರಿದಾಗುತ್ತಿತ್ತು. ಕೀಲಿನೊಳಗೆ ನೀರು ತುಂಬಿದೆ ಎಂದರು. ಎರಡೂ ಕಾಲು ನೋಡದಿದ್ದರೆ ನನ್ನಂಥವರಿಗೆ ಆ ವ್ಯತ್ಯಾಸ ತಿಳಿಯುತ್ತಲೇ ಇರಲಿಲ್ಲ. ಬೈಸೆಪ್ಸ್ ಸ್ನಾಯುರಜ್ಜು, ಮೂಳೆಗಳನ್ನು ಹಿಡಿದಿಡುವ ಒಳಬದಿಯ ಲಿಗಮೆಂಟ್ ಕೂಡ ನೋಡಿ, ಅವೆರಡೂ ಚೆನ್ನಾಗಿವೆ ಎಂದರು. ಎಕ್ಸ್‌ರೇಯಲ್ಲಿ ಇವು ಸರಿಯಾಗಿ ಕಾಣುವುದಿಲ್ಲ.

ನನಗೆ ಅವರ ಮೇಲೆ ನಂಬಿಕೆ ಬಂದದ್ದು ಮಾತ್ರ ಆಮೇಲೆ ಹೇಳಿದ ಮಾತಿನಿಂದ. ಅಲ್ಟ್ರಾಸೌಂಡ್ ಮೂಳೆಯ ಮೇಲ್ಮೈ ತೋರಿಸುತ್ತದೆ, ಮೂಳೆಯೊಳಗೆ ಹೋಗುವುದಿಲ್ಲ, ಕೀಲಿನ ಆಳದ ಮೂಲೆಗಳೂ ಸಿಗುವುದಿಲ್ಲ. ಆ ಮೂರು ಮೂಳೆಗಳಲ್ಲಿ ಒಂದಾದ ಅಲ್ನಾದ ಕೊರೊನಾಯ್ಡ್ ಅನ್ನೋ ಮೂಲೆ ಒಡೆದಿರಬಹುದು ಅಂತ ಅನುಮಾನ ಇದೆ, ಆದರೆ ಇದರಲ್ಲೇ ಖಚಿತ ಮಾಡಲಾರೆ, ಸಿಟಿ ಸ್ಕ್ಯಾನ್ ಮಾಡಿಸಿ ಎಂದರು. ಮಾಡಿಸಿದೆವು. ಅಲ್ಲೇ ಸಣ್ಣ ತುಂಡು ಬಿಟ್ಟುಕೊಂಡಿತ್ತು. ಈಗ ಆರ್ತ್ರೋಸ್ಕೋಪಿಗೆ ದಿನ ಗೊತ್ತಾಗಿದೆ, ಕೀಲಿನೊಳಗೆ ಸಣ್ಣ ಕ್ಯಾಮೆರಾ ಹಾಕಿ, ಮೂಳೆ ತುದಿಯ ಮೃದ್ವಸ್ಥಿ ಎಷ್ಟು ಸವೆದಿದೆ ಅಂತ ನೇರವಾಗಿ ನೋಡುತ್ತಾರಂತೆ.

ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ರಾಟ್‌ವೀಲರ್, ಜರ್ಮನ್ ಶೆಫರ್ಡ್ ಮರಿ ಇರುವವರು ಇಂಥ ಕುಂಟು ಕಂಡರೆ ಬೆಳೆಯುವಾಗಿನ ನೋವು ಅಂದುಕೊಂಡು ಕಾಯಬೇಡಿ. ಅಲ್ಟ್ರಾಸೌಂಡ್‌ನಲ್ಲಿ ಏನು ಕಾಣುತ್ತದೆ ಅನ್ನೋದು ಮಾಡುವವರ ಕೈ ಮೇಲೆ ಜಾಸ್ತಿ ನಿಂತಿದೆ. ಅದಕ್ಕೇ ಹೋಗುವ ಮುಂಚೆ ಕೇಳಿ: ನಾಯಿಗಳ ಕೀಲು ನೋಡಿ ಅಭ್ಯಾಸ ಇದೆಯಾ, ಎರಡೂ ಕಾಲು ನೋಡುತ್ತೀರಾ, ಕೂದಲು ತೆಗೆಯುತ್ತೀರಾ. ಚಿತ್ರಗಳನ್ನೂ ಕೇಳಿ ತೆಗೆದುಕೊಳ್ಳಿ. ನಮಗೆ ಸಿಟಿ ಸ್ಕ್ಯಾನ್ ಮಾಡಿದ ಡಾಕ್ಟರ್ ಮೊದಲು ಕೇಳಿದ್ದೇ ಆ ಚಿತ್ರಗಳನ್ನ.