ಪೇಪರೆಲ್ಲ ಕ್ಲೀನ್ ಉಂಟು ಅಂದರೆ ನಂಬಿ ಮನೆ ತಗೊಳ್ಳಬೇಡಿ

ಕಾಸರಗೋಡು ಕಡೆ ಹಳೇ ಮನೆ ಕ್ರಯಕ್ಕೆ ಹುಡುಕುತ್ತಿರುವವರು, ಅದರಲ್ಲೂ ಪುಣೆ, ಮುಂಬೈ, ಗಲ್ಫು ಬಿಟ್ಟು ಊರಿಗೆ ಬಂದು ಕೂರುವ ಆಲೋಚನೆ ಇರುವವರು ದಯವಿಟ್ಟು ಪೂರ್ತಿ ಓದಿ. ಬ್ರೋಕರಿನ ಹೆಸರು ಬರೆಯುವುದಿಲ್ಲ. ಬರೆದರೆ ಮಾನನಷ್ಟ ಕೇಸು ಹಾಕುತ್ತೇನೆ ಅಂತ ಅವನೇ ಹೇಳಿ ಆಗಿದೆ. ಮಾನ ಹೋದದ್ದು ನಮ್ಮದು, ಕೇಸು ಅವನದ್ದು! ಊರಿನ ಹೆಸರು, ಮನೆ ಹೆಸರೂ ಹಾಕುವುದಿಲ್ಲ. ಸತ್ತವರ ಕಡೆಯವರು ಈಗಲೂ ಇಲ್ಲೇ ಆಸುಪಾಸಿನಲ್ಲಿದ್ದಾರೆ, ಅವರದ್ದು ಎಂತದೂ ತಪ್ಪಿಲ್ಲ.

ನಾವು ತಗೊಂಡ ಮನೆಯಲ್ಲಿ ಕೊಲೆ ಆಗಿತ್ತು. ಮಲಯಾಳ ಚಾನೆಲ್‌ಗಳಲ್ಲಿ ವಾರಗಟ್ಟಲೆ ಬಂದ ಕೊಲೆ. ಮಂಜೇಶ್ವರದಿಂದ ಕಾಞಂಗಾಡಿನ ಹೊಸದುರ್ಗದವರೆಗೆ ಚಾ ಅಂಗಡಿಯಲ್ಲಿ ಕೂತ ಯಾರನ್ನು ಕೇಳಿದರೂ ಹೇಳುತ್ತಾರೆ. ಆಗ ನಾವು ಪುಣೆಯಲ್ಲಿ ಹೋಟೆಲು ನಡೆಸಿಕೊಂಡಿದ್ದೆವು. ನಮ್ಮ ಊರು ಗಡಿಯ ಆಚೆ, ಕರ್ನಾಟಕದ ಬದಿ, ನಮಗೆ ಈ ಸುದ್ದಿ ತಲುಪಿಯೇ ಇರಲಿಲ್ಲ.

ಮನೆ ಒಳ್ಳೇದೇ, ಸುಳ್ಳು ಹೇಳುವುದಿಲ್ಲ. ಮುರಕಲ್ಲಿನ ಗೋಡೆ, ದೊಡ್ಡ ಜಗಲಿ, ಹಿಂದೆ ಗುಡ್ಡೆಗೆ ಕೊರೆದ ಸುರಂಗ, ಬೇಸಗೆಯಲ್ಲೂ ನೀರು. ಆ ಕಡೆ ಸೆಂಟಿಗೆ ನಡೆಯುವ ದರ ಹಾಕಿದರೆ ಬರೇ ಜಾಗಕ್ಕೇ ಅಷ್ಟಾಗುತ್ತಿತ್ತು, ಇವರು ಮನೆ ಸಮೇತ ಅಷ್ಟಕ್ಕೇ ಕೊಡುತ್ತೇವೆ ಅಂದರು. ನಾನು ಕೇಳಿದೆ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಈಗ ಎಲ್ಲರೂ "ನೀವು ಕೇಳಬೇಕಿತ್ತು ಶೆಟ್ರೇ" ಅನ್ನುತ್ತಾರೆ. ನಾನು ಕೇಳಿದ್ದೇನೆ! ರೇಟು ಯಾಕೆ ಇಷ್ಟು ಕಡಿಮೆ ಅಂತ ಬ್ರೋಕರನ ಮುಖ ನೋಡಿಯೇ ಕೇಳಿದ್ದೇನೆ.

"ಪಾರ್ಟಿ ದುಬೈಯಲ್ಲಿ ಶೆಟ್ರೇ. ಅವರಿಗೆ ಅಲ್ಲಿ ಸ್ವಲ್ಪ ಟೈಟ್ ಉಂಟು, ಬೇಗ ಮುಗಿಸಬೇಕು. ಅದಕ್ಕೇ ಈ ರೇಟು. ನೀವು ಬಿಟ್ಟರೆ ನಾಳೆ ಬೇರೆಯವರು ಅಡ್ವಾನ್ಸ್ ಕೊಡ್ತಾರೆ."

ಮನೆಯಿಡೀ ಹಳೇ ಕಾವಿ ನೆಲ. ಹಿಂದಿನ ಒಂದು ಕೋಣೆಗೆ ಮಾತ್ರ ಹೊಸ ಟೈಲ್ಸ್, ಹೊಸ ಪೈಂಟು. ನನ್ನ ಹೆಂಡತಿಯ ಕಣ್ಣಿಗೆ ಅದು ಕೂಡಲೇ ಬಿತ್ತು. ಇದೊಂದಕ್ಕೇ ಯಾಕೆ ಹಾಕಿದ್ದು ಅಂತ ಕೇಳಿದಳು. ಬ್ರೋಕರ್ ಒಂದು ಕ್ಷಣ ಕೂಡ ತಡ ಮಾಡಲಿಲ್ಲ. "ಅಲ್ಲಿ ಅಡಿಕೆ ರಾಶಿ ಹಾಕ್ತಾ ಇದ್ದದ್ದು ಅಕ್ಕಾ, ನೆಲ ಎಲ್ಲ ಹಾಳಾಗಿತ್ತು." ನಾವೂ ಅಡಿಕೆ ಇದ್ದ ಮನೆಯಲ್ಲೇ ಹುಟ್ಟಿದವರು. ಇರಬಹುದು ಅಂದುಕೊಂಡೆವು. ಗೇಟಿನ ಕಂಬದಲ್ಲಿ ಹಳೇ ಬೋರ್ಡು ಕಿತ್ತ ಗುರುತು ಇತ್ತು, ತೆರಿಗೆ ರಶೀದಿಯ ಮನೆ ನಂಬ್ರಕ್ಕೂ ಗೋಡೆಯ ಮೇಲಿನ ನಂಬ್ರಕ್ಕೂ ತಾಳೆ ಇರಲಿಲ್ಲ. ಅದಕ್ಕೂ ಉತ್ತರ ರೆಡಿ: "ವಾರ್ಡುಗಳನ್ನೆಲ್ಲ ಹೊಸದಾಗಿ ವಿಂಗಡಿಸಿದ್ದಾರಲ್ಲ, ಎಲ್ಲರ ನಂಬ್ರವೂ ಬದಲಾಗಿದೆ." ಅದು ನಿಜವೂ ಹೌದು. ನಿಜದ ನಡುವೆ ಸುಳ್ಳು ಸೇರಿಸುವುದರಲ್ಲಿ ಇವನ ಕೈ ಪಳಗಿದೆ.

ಕಾಗದಪತ್ರದ ಕೆಲಸ ನಿಮಗೆಲ್ಲ ಗೊತ್ತಿರುವುದೇ. ಮುನ್ನಾಧಾರ (ಹಿಂದಿನ ಕ್ರಯಪತ್ರ), ಕುಡಿಕ್ಕಡ ಸರ್ಟಿಫಿಕೇಟು (ಆಸ್ತಿಯ ಮೇಲಿನ ಸಾಲ, ಹಿಂದಿನ ಕ್ರಯಗಳನ್ನು ತೋರಿಸುವ ಇ.ಸಿ.), ವಿಲೇಜ್ ಆಫೀಸಿನ ಪೊಸೆಶನ್ ಸರ್ಟಿಫಿಕೇಟು, ತೆರಿಗೆ ರಶೀದಿ, ಎಲ್ಲ ವಕೀಲರಿಗೆ ತೋರಿಸಿದ್ದಾಯಿತು. ಎಲ್ಲ ಸರಿ ಇತ್ತು. ದುಬೈ ಪಾರ್ಟಿಯ ಪರವಾಗಿ ಪವರ್ ಆಫ್ ಅಟಾರ್ನಿ ಹಿಡಿದು ಅವರ ಭಾವ ಬಂದು ಸಹಿ ಹಾಕಿದರು. ಮುದ್ರಾಂಕಕ್ಕೆ ಶೇ. 8, ನೋಂದಣಿಗೆ ಶೇ. 2, ಬ್ರೋಕರಿಗೆ ಕಮಿಷನ್, ಆಧಾರ ಅಂದರೆ ಕ್ರಯಪತ್ರ ಬರೆದವರಿಗೆ ಬೇರೆ.

ಗೃಹಪ್ರವೇಶದ ಒಕ್ಕಲಿಗೆ ಗಣಹೋಮ ಇಟ್ಟುಕೊಂಡೆವು. ನೆರೆಕರೆಯವರನ್ನೆಲ್ಲ ಕರೆದೆವು, ಬಂದರು ಕೂಡ. ಆದರೆ ಒಬ್ಬರೂ ಹೊಸ್ತಿಲು ದಾಟಲಿಲ್ಲ! ಎಲ್ಲರೂ ಅಂಗಳದ ಚಪ್ಪರದಲ್ಲೇ. "ಒಳಗೆ ಬನ್ನಿ ಅಕ್ಕಾ, ಮನೆ ನೋಡಿ" ಅಂತ ಇವಳು ಕರೆದರೆ "ಇಲ್ಲೇ ಒಳ್ಳೆ ಗಾಳಿ ಉಂಟು" ಅಂದರು. ಊಟ ಮಾಡಿ, ಕೈ ತೊಳೆದು, ಹೋದರು. ನಮಗೆ ಅನ್ನಿಸಿದ್ದು, ಹೊಸಬರಲ್ಲವಾ, ಸಂಕೋಚ ಇರಬಹುದು ಅಂತ.

ಆಮೇಲೆ ತೆಂಗಿನಕಾಯಿ ಕೀಳಿಸಲಿಕ್ಕೆ ಒಬ್ಬನಿಗೆ ಫೋನು ಮಾಡಿದೆ. ಜಾಗ ಎಲ್ಲಿ ಅಂತ ಕೇಳಿದ, ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೆ ಹಳೇ ಹೆಸರು ಹಿಡಿದು ಕೇಳಿದ, ಆ ಮನೆಯಾ? ನನಗೆ ಗೊತ್ತಿಲ್ಲ ಮಾರಾಯ, ನಾವು ಹೊಸಬರು ಅಂದೆ. ಆಗ ಅವನು ಅಂದ ಮಾತು ಇನ್ನೂ ಕಿವಿಯಲ್ಲಿದೆ. "ಕೊಲ ನಡನ್ನ ವೀಡಲ್ಲೇ ಅದ್?" ಕೊಲೆ ನಡೆದ ಮನೆಯಲ್ಲವಾ ಅದು ಅಂತ.

ನನಗೆ ಕೂಡಲೇ ತಲೆಗೆ ಹೋಗಲಿಲ್ಲ. ಯಾವ ಕೊಲೆ ಅಂತ ಅವನನ್ನೇ ಕೇಳಿದೆ. ಅವನಿಗೆ ಪಾಪ ಕಸಿವಿಸಿ ಆಗಿರಬೇಕು, "ಬಿಡಿ, ನಾನು ಆ ಕಡೆ ಬರುವುದಿಲ್ಲ" ಅಂತ ಇಟ್ಟುಬಿಟ್ಟ.

ಅಳಿಯ ಬಂದಿದ್ದ. ಮನೆಯ ಹಳೇ ಹೆಸರನ್ನು ಮಲಯಾಳದಲ್ಲಿ ಮೊಬೈಲಿಗೆ ಹಾಕಿ ನೋಡಿದ. ಬಂತು. ಸಾಲಾಗಿ ಬಂತು. ನಾನು ಕೂತಿದ್ದ ಅದೇ ಜಗಲಿ, ಅದೇ ಎರಡು ಕಂಬ, ಗೇಟಿನ ಹತ್ತಿರದ ಅದೇ ಹಲಸಿನ ಮರ, ನಡುವೆ ಪೊಲೀಸರು ಕಟ್ಟಿದ ರಿಬ್ಬನ್. ಒಂದು ಫೋಟೋದಲ್ಲಿ ಹಿಂದಿನ ಕೋಣೆ. ಕಾವಿ ನೆಲ. ಇವಳು ಅದನ್ನು ನೋಡಿದಳು, ಎದ್ದು ಹೋಗಿ ಆ ಕೋಣೆಯ ಬಾಗಿಲು ಹಾಕಿದಳು. ನಮ್ಮ ಅತ್ತೆಯವರ ಮಂಚ ಅಲ್ಲಿತ್ತು. ಅವರನ್ನು ಅಷ್ಟು ದಿನ ನಾವು ಅಲ್ಲೇ ಮಲಗಿಸಿದ್ದೆವು. ಈಗಲೂ ಈ ವಿಷಯ ಬರೆಯುವಾಗ ನನಗೆ ಕೈ ನಡುಗುತ್ತದೆ, ಸಿಟ್ಟಿನಿಂದ.

ಬ್ರೋಕರಿಗೆ ಫೋನು ಮಾಡಿದೆ. ಅವನ ಉತ್ತರಗಳನ್ನು ಹಾಗೆ ಹಾಗೇ ಬರೆಯುತ್ತೇನೆ, ನೀವೇ ನೋಡಿ.

ಮೊದಲು: "ಅದು ಊರಿಗೇ ಗೊತ್ತಿರುವ ವಿಷಯ ಅಲ್ವಾ ಶೆಟ್ರೇ, ನಿಮಗೂ ಗೊತ್ತುಂಟು ಅಂತ ಎಣಿಸಿದೆ."

ಗೊತ್ತುಂಟು ಅಂತ ಎಣಿಸಿದವ ಟೈಲ್ಸಿಗೆ ಅಡಿಕೆಯ ಕಥೆ ಯಾಕೆ ಹೇಳಿದೆ ಅಂತ ಕೇಳಿದೆ.

"ಅದು ಆ ಹೊತ್ತಿಗೆ ಬಾಯಿಗೆ ಬಂತು."

ಬಾಯಿಗೆ ಬಂತಂತೆ! ನನ್ನ ಇಡೀ ಜೀವಮಾನದ ದುಡ್ಡು, ಇವನ ಬಾಯಿಗೆ ಬಂತು. ಮತ್ತೆ ಮುಂದುವರಿಸಿದ, "ಯಾವ ಮನೆಯಲ್ಲಿ ಯಾರೂ ಸಾಯಲಿಲ್ಲ ಹೇಳಿ ನೋಡುವ? ಮಾಡಿದವ ಜೈಲಿನಲ್ಲಿ ಇದ್ದಾನಲ್ಲ, ಮತ್ತೆ ನಿಮಗೆ ಎಂತ ಹೆದರಿಕೆ?"

ಪವರ್ ಹಿಡಿದ ಭಾವನವರ ಮನೆಗೆ ಹೋದೆ. ಅವರು ಮರ್ಯಾದೆಯಿಂದ ಕೂರಿಸಿ ಚಾ ಕೊಟ್ಟು ಹೇಳಿದ್ದು ಇದು: "ನೀವು ಆ ಬಗ್ಗೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ತಿಲಹೋಮ, ಸುದರ್ಶನ ಹೋಮ ಎಲ್ಲ ನಾವು ಮಾಡಿಸಿಯೇ ಕೊಟ್ಟದ್ದು. ಬೇಕಾದರೆ ದೇವಸ್ಥಾನದ ರಶೀದಿ ತೋರಿಸ್ತೇನೆ." ಅಂದರೆ ಪ್ರೇತಕ್ಕೆ ಹೇಳಿದ್ದಾರೆ, ದೇವರಿಗೆ ಹೇಳಿದ್ದಾರೆ, ದುಡ್ಡು ಕೊಟ್ಟ ನನಗೆ ಮಾತ್ರ ಹೇಳಲಿಲ್ಲ. ಆ ರಶೀದಿ ಕೊಡಿ, ನನಗೆ ಬೇಕು ಅಂದೆ. ಆಗ ಮುಖ ಬದಲಾಯಿತು. ರಶೀದಿ ಎಲ್ಲಿಟ್ಟದ್ದು ಅಂತ ನೆನಪಿಲ್ಲವಂತೆ.

ಹೊರಡುವಾಗ ಇನ್ನೊಂದು ಮಾತೂ ಬಿತ್ತು ಅವರ ಬಾಯಿಯಿಂದ. "ನಮಗೂ ಯಾರೂ ಹೇಳಿರಲಿಲ್ಲ ಶೆಟ್ರೇ." ಮನೆಗೆ ಬಂದು ಕುಡಿಕ್ಕಡ ಮತ್ತೆ ಬಿಡಿಸಿದೆ. ಕೊಲೆ ಆದ ಮೇಲೆ ವಾರಸುದಾರರಿಂದ ಒಬ್ಬರಿಗೆ, ಅವರಿಂದ ಬೇಗನೇ ಈ ದುಬೈಯವರಿಗೆ, ಈಗ ನಮಗೆ. ಎಲ್ಲದರಲ್ಲೂ ನಡುವೆ ನಿಂತವ ಇದೇ ಬ್ರೋಕರ್, ಪ್ರತಿ ಸಲವೂ ಎರಡೂ ಕಡೆಯಿಂದ ಕಮಿಷನ್. ಹಳೇ ಮನೆ ಬೇಗ ಬೇಗ ಕೈ ಬದಲಾಗಿದ್ದರೆ, ಸಾಲ ಇಲ್ಲ, ತಕರಾರು ಇಲ್ಲ ಅಂತ ಸಮಾಧಾನಪಟ್ಟು ಮಡಚಿ ಇಡಬೇಡಿ. ಮೊದಲು ತಗೊಂಡವರು ಯಾಕೆ ಬಿಟ್ಟರು ಅಂತ ಅವರನ್ನೇ ಹುಡುಕಿ ಕೇಳಿ. ಹೆಸರು ಆಧಾರದಲ್ಲೇ ಇರುತ್ತದೆ.

ವಕೀಲರ ಹತ್ತಿರ ಹೋದರೆ ಅಲ್ಲಿ ಬೇರೆ ರಗಳೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೇ ಕಲಮಿನ ಪ್ರಕಾರ ಮಾರುವವನು ತನಗೆ ಗೊತ್ತಿರುವ, ಕೊಳ್ಳುವವನಿಗೆ ಸಾಧಾರಣ ಎಚ್ಚರಿಕೆಯಿಂದ ತಿಳಿಯದ ಮುಖ್ಯ ದೋಷವನ್ನು ಹೇಳಲೇಬೇಕು. ಆದರೆ ದೋಷ ಅಂದರೆ ಆಸ್ತಿಯದ್ದು ಅಥವಾ ಹಕ್ಕಿನದ್ದು. ಕೊಲೆ ಆದ ಮನೆ ಅನ್ನುವುದು ಅದರಲ್ಲಿ ಬರುತ್ತದಾ ಅಂತ ವಾದ ಮಾಡಬೇಕು. 1872ರ ಕರಾರು ಕಾಯಿದೆಯ 17ನೇ ಕಲಮು ಹೇಳುವುದು, ಬಾಯಿ ಮುಚ್ಚಿ ಕೂತದ್ದೇ ವಂಚನೆ ಆಗುವುದಿಲ್ಲ, ಹೇಳುವ ಬಾಧ್ಯತೆ ಇದ್ದರೆ ಮಾತ್ರ. "ನೀವು ಕೇಳಿ, ಅವನು ಸುಳ್ಳು ಹೇಳಿದ್ದರೆ ಅದರ ದಾರಿ ಬೇರೆ. ಸಾಕ್ಷಿ ಏನುಂಟು?" ಅಂದರು ವಕೀಲರು. ಸಾಕ್ಷಿ ನನ್ನ ಹೆಂಡತಿ. ಅಡಿಕೆಯ ಕಥೆ ಎಲ್ಲಿಯೂ ಬರಹದಲ್ಲಿ ಇಲ್ಲ. ಮೋಸ ಗೊತ್ತಾದ ಮೇಲೆ ಆಧಾರ ರದ್ದು ಮಾಡಿಸುವ ದಾವೆಗೆ ಮೂರು ವರ್ಷದ ಅವಧಿ ಉಂಟು, ಇದು ನೆನಪಿಟ್ಟುಕೊಳ್ಳಿ. ಹಳೇ ಮನೆಯ ಮರುಮಾರಾಟಕ್ಕೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯಿದೆ) ಕೂಡ ಬರುವುದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೀಗೇ ಒಬ್ಬ ಹೆಂಗಸು ಮನೆ ತಗೊಂಡು, ಅಲ್ಲಿ ಹತ್ತು ವರ್ಷದ ಹಿಂದೆ ತಾಯಿ ಮತ್ತು ನಾಲ್ಕು ಮಕ್ಕಳ ಕೊಲೆ ಆಗಿತ್ತು ಅಂತ ನೆರೆಮನೆಯವರಿಂದ ಗೊತ್ತಾಗಿ ಕೇಸು ಹಾಕಿದ್ದಳು. ಮನೆಯ ಬೆಲೆ ಕುಂದುವ ವಿಷಯ ಮುಚ್ಚಿಟ್ಟದ್ದಕ್ಕೆ ದಾವೆ ನಡೆಸಬಹುದು ಅಂತ 1983ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಹೇಳಿತು. ಈಗ ಅಲ್ಲಿನ ಕಾನೂನಿನಲ್ಲಿ ಮೂರು ವರ್ಷದೊಳಗಿನ ಸಾವನ್ನು ಹೇಳಬೇಕು, ಅದಕ್ಕಿಂತ ಹಳೇದಾದರೂ ನೇರವಾಗಿ ಕೇಳಿದರೆ ಸುಳ್ಳು ಹೇಳುವಂತಿಲ್ಲ. ಇದನ್ನು ನಾನು ಬ್ರೋಕರಿಗೆ ವಾಟ್ಸಾಪಿನಲ್ಲಿ ಹಾಕಿದೆ. ಉತ್ತರ ಬಂತು: "ಅದು ಅಮೆರಿಕ ಶೆಟ್ರೇ, ಇದು ಕಾಸರಗೋಡು." ಕೆಳಗೆ ಒಂದು ಕೈಮುಗಿದ ಚಿತ್ರ.

ಹಾಗಾಗಿ ಕೇಳುವುದಿದ್ದರೆ ಬಾಯಲ್ಲಿ ಕೇಳಬೇಡಿ. ವಾಟ್ಸಾಪಿನಲ್ಲಿ ಕೇಳಿ, ಈ ಮನೆಯಲ್ಲಿ ಕೊಲೆ, ಆತ್ಮಹತ್ಯೆ ಆಗಿದೆಯಾ, ಪೊಲೀಸ್ ಕೇಸು ಇತ್ತಾ ಅಂತ. ಉತ್ತರ ಬರಹದಲ್ಲಿ ಬರಲಿ. ಅಡ್ವಾನ್ಸ್ ಕೊಡುವ ಮೊದಲು ಕರಾರುಪತ್ರದಲ್ಲೇ ಆ ಸಾಲು ಹಾಕಿಸಿ, ಸುಳ್ಳಾದರೆ ದುಡ್ಡು ವಾಪಸು ಅಂತ. ಹಾಕಲಿಕ್ಕೆ ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ. ಮನೆಯ ಹಳೇ ಹೆಸರು ಪತ್ತೆ ಮಾಡಿ ಮಲಯಾಳದಲ್ಲಿ ಹುಡುಕಿ, ಕನ್ನಡದಲ್ಲಿ ಹುಡುಕಿದರೆ ನನ್ನ ಹಾಗೆ ಎಂತದೂ ಸಿಗುವುದಿಲ್ಲ. ಬ್ರೋಕರ್ ಇಲ್ಲದ ಹೊತ್ತಿಗೆ ಹೋಗಿ ಹತ್ತಿರದ ಅಂಗಡಿಯಲ್ಲಿ ಒಂದು ಸೋಡಾ ಕುಡಿಯಿರಿ, ನಿಮಗೆ ಎಲ್ಲ ಅಲ್ಲೇ ಗೊತ್ತಾಗುತ್ತದೆ. ನೆರೆಕರೆಯವರ ಮೇಲೆಯೂ ನನಗೆ ಸಿಟ್ಟು ಉಂಟು, ಹೇಳದೆ ಇರಲಾರೆ. ಚಪ್ಪರದಲ್ಲಿ ಕೂತು ಪಾಯಸ ಉಂಡವರಿಗೆ ಒಂದು ಮಾತು ಹೇಳಲಿಕ್ಕೆ ಆಗಲಿಲ್ಲ. ಕೇಳಿದರೆ "ನೀವು ಬೇಸರ ಮಾಡ್ತೀರಿ ಅಂತ ಹೇಳಲಿಲ್ಲ" ಅನ್ನುತ್ತಾರೆ.

ನನಗೆ ಭೂತಪ್ರೇತದ ಹೆದರಿಕೆ ಅಂತ ಬ್ರೋಕರ್ ಊರಲ್ಲಿ ತಮಾಷೆ ಮಾಡುತ್ತಾನಂತೆ. ಗೊತ್ತಿದ್ದು ತಗೊಂಡಿದ್ದರೆ ನಾನು ಅಲ್ಲೇ ಇರುತ್ತಿದ್ದೆನೋ ಏನೋ. ಎಷ್ಟೋ ಜನ ಇದ್ದಾರೆ, ಇರಲಿ. ಆದರೆ ಇವಳಿಗೆ ಆ ಮನೆಯಲ್ಲಿ ನಿದ್ದೆ ಬರುವುದಿಲ್ಲ, ಅತ್ತೆಯವರನ್ನು ನಾದಿನಿಯ ಮನೆಗೆ ಕಳಿಸಿದೆವು. ನಾವೂ ಈಗ ಬಾಡಿಗೆಗೆ.

ಅವನ ಕೊನೆಯ ಸಲಹೆ ಕೇಳಿ. "ಒಂದೆರಡು ವರ್ಷ ಸುಮ್ಮನೆ ಇಡಿ ಶೆಟ್ರೇ, ಹೊರಗಿನ ಪಾರ್ಟಿ ನಾನು ತರ್ತೇನೆ. ನೀವು ಮಾತ್ರ ಏನೂ ಹೇಳಬೇಡಿ." ನಾನು ಹೂಂ ಅನ್ನಲಿಲ್ಲ, ಆದರೂ ಮೊನ್ನೆ ಬೆಂಗಳೂರಿನ ಗಂಡ ಹೆಂಡತಿಯನ್ನು ಕರಕೊಂಡು ಬಂದಿದ್ದ. ಗೇಟಿನಲ್ಲೇ ಅವರಿಗೆ ವಿಷಯ ಹೇಳಿದೆ. ಅವರು ಕಾರು ತಿರುಗಿಸಿದರು. ಬಂದ ಗಿರಾಕಿಯನ್ನು ಶೆಟ್ರು ಓಡಿಸಿದರು ಅಂತ ಈಗ ಹೇಳಿಕೊಂಡು ತಿರುಗುತ್ತಿದ್ದಾನೆ. ಹೌದು, ಓಡಿಸಿದೆ.

ವಕೀಲರ ನೋಟೀಸು ಹೋಗಿದೆ. ಉತ್ತರ ಬಂದ ಮೇಲೆ ಬರೆಯುತ್ತೇನೆ. ನಮಗಿಂತ ಮೊದಲು ಆ ಮನೆ ತಗೊಂಡು ಬಿಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ, ಬ್ರೋಕರ್ ನಿಮಗೆ ಏನು ಹೇಳಿದ್ದ ಅಂತ ನನಗೊಂದು ಮೆಸೇಜು ಹಾಕಿ. ಸಾಕ್ಷಿಗೆ ಜನ ಬೇಕು.