ನಿವೃತ್ತಿಯ ಹಣ: ಅಂಚೆ ಕಚೇರಿಗೋ, ಊರಿನ ಸೊಸೈಟಿಗೋ?

ಶಿರಸಿಯ ಸುತ್ತಮುತ್ತ ನಿವೃತ್ತಿಗೆ ಹತ್ತಿರವಾದವರು ಸಾಮಾನ್ಯವಾಗಿ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಮತ್ತು ಅಡಿಕೆ ವ್ಯವಹಾರದಿಂದ ಪರಿಚಯವಿರುವ ಸಹಕಾರಿ ಸಂಘದ ಠೇವಣಿಯ ನಡುವೆ ತೂಗಿ ನೋಡುತ್ತಾರೆ. ಮೊದಲನೆಯದರಲ್ಲಿ 60 ತುಂಬಿದವರು 30 ಲಕ್ಷ ರೂಪಾಯಿವರೆಗೆ 5 ವರ್ಷಕ್ಕೆ ಇಡಬಹುದು; ಬಡ್ಡಿ ಮೂರು ತಿಂಗಳಿಗೊಮ್ಮೆ ಬರುತ್ತದೆ, ಖಾತೆ ತೆರೆದ ದಿನದ ದರ ಅವಧಿ ಮುಗಿಯುವವರೆಗೂ ಬದಲಾಗುವುದಿಲ್ಲ. ಆದರೆ ಒಂದು ವರ್ಷ ಕಳೆದು ಎರಡು ತುಂಬುವ ಮೊದಲೇ ಮುಚ್ಚಿದರೆ ಅಸಲಿನಲ್ಲಿ ಶೇ 1.5 ಕಡಿತವಾಗುತ್ತದೆ. ಸಂಘದಲ್ಲಿ ಮಳೆಗಾಲದ ನಡುವೆ ತುರ್ತು ಬಂದರೂ ಠೇವಣಿ ರಸೀದಿಯ ಮೇಲೆ ಸಾಮಾನ್ಯವಾಗಿ ಸಾಲ ಸಿಗುತ್ತದೆ. ಆದರೆ 5 ಲಕ್ಷದವರೆಗಿನ ಠೇವಣಿ ವಿಮೆಯು ಸಹಕಾರಿ ಬ್ಯಾಂಕುಗಳಿಗಿದೆಯೇ ಹೊರತು ಇಂಥ ಸಹಕಾರಿ ಸಂಘಗಳಿಗಿಲ್ಲ. ಆದ್ದರಿಂದ ಗ್ರಾಚ್ಯುಟಿಯ ದೊಡ್ಡ ಪಾಲನ್ನು ಅಂಚೆಯಲ್ಲಿಟ್ಟು, ಆರು ತಿಂಗಳ ಮನೆಖರ್ಚಿನಷ್ಟನ್ನು ಮಾತ್ರ ಸಂಘದಲ್ಲಿಡುವುದು ಸೂಕ್ತವೆಂದು ನಾನು ಭಾವಿಸುತ್ತೇನೆ.