ಅಂಚಿಲ್ಲದ ವಿಂಡೋಗಳು: ಪ್ಲಾಸ್ಮಾದಲ್ಲಿ ಕರಡು ತಿದ್ದುವವಳ ಅನುಭವ

ನನ್ನ ಲ್ಯಾಪ್‌ಟಾಪ್ ಹಳೆಯದು, ಪರದೆ 1366×768. ಕನ್ನಡದ ಸಾಲಿಗೆ ಮೇಲೆ ಗುಡಿ, ಕೆಳಗೆ ಒತ್ತಕ್ಷರ ಎಂದು ಎತ್ತರ ಹೆಚ್ಚೇ ಬೇಕು. ಶೀರ್ಷಿಕೆ ಪಟ್ಟಿ, ಮೆನು, ಪರಿಕರ ಪಟ್ಟಿ ಎಲ್ಲವೂ ತಮ್ಮ ಪಾಲು ತೆಗೆದುಕೊಂಡ ಮೇಲೆ ಕರಡಿಗೆ ಉಳಿಯುವುದು ಅಷ್ಟಿಷ್ಟೇ. ಹೊಸ ಮಾನಿಟರ್ ಕೊಳ್ಳುವ ಬದಲು ಲಿನಕ್ಸ್‌ನ ಡೆಸ್ಕ್‌ಟಾಪ್ ಪರಿಸರವಾದ ಕೆಡಿಇ ಪ್ಲಾಸ್ಮಾ ಹಾಕಿಕೊಂಡು, ಅಡಗಿಸಬಹುದಾದದ್ದನ್ನೆಲ್ಲ ಅಡಗಿಸಿದೆ. ಖರ್ಚು ಸೊನ್ನೆ.

ಬೆಳಗಿನ ಕಾಫಿ ಆರುವಷ್ಟರಲ್ಲಿ ನನ್ನ ಮೇಜು ಸಿದ್ಧವಾಗಿರುತ್ತದೆ. ಎಡಕ್ಕೆ ಓಕುಲಾರ್‌ನಲ್ಲಿ ಲೇಖಕರ ಪಿಡಿಎಫ್, ಬಲಕ್ಕೆ ಕೇಟ್ ಎಂಬ ಪಠ್ಯ ಸಂಪಾದಕದಲ್ಲಿ ತಿದ್ದುವ ಪ್ರತಿ. ಮೆಟಾ ಕೀಲಿಯೊಂದಿಗೆ (ವಿಂಡೋಸ್ ಚಿಹ್ನೆ ಇರುವ ಕೀಲಿ) ಎಡ ಬಾಣ, ಬಲ ಬಾಣ. ಎರಡೂ ಅರ್ಧರ್ಧ ಕೂರುತ್ತವೆ. ಆಲ್ಟ್ ಎಫ್3 ಒತ್ತಿ, ಬರುವ ಮೆನುವಿನಿಂದ ಶೀರ್ಷಿಕೆ ಪಟ್ಟಿ ಸಮೇತ ಅಂಚು ತೆಗೆದರೆ ಪರದೆಯ ತುಂಬ ಅಕ್ಷರ, ಬೇರೇನೂ ಇಲ್ಲ. ಮೊದಲ ಕೆಲವು ವಾರ ಇದಕ್ಕಿಂತ ಸುಖವಿಲ್ಲ ಎನಿಸಿತ್ತು.

ಸುಖಕ್ಕೆ ಕುತ್ತು ಬಂದದ್ದು ಖಾಲಿ ಜಾಗದ ಕೀಲಿಯಿಂದ. ಶೀರ್ಷಿಕೆ ಪಟ್ಟಿ ಬರೀ ಹೆಸರಿನ ಫಲಕವಲ್ಲ, ಯಾವ ವಿಂಡೋ ನಮ್ಮ ಮಾತು ಕೇಳುತ್ತಿದೆ ಎಂದು ಬಣ್ಣದಲ್ಲಿ ತೋರಿಸುವುದೂ ಅದೇ. ಅದು ಹೋದ ಮೇಲೆ ಎರಡು ಬಿಳಿ ಪುಟಗಳಲ್ಲಿ ಯಾವುದು ಎಚ್ಚರವಾಗಿದೆ ಎಂದು ತಿಳಿಯಲು ಕೂದಲೆಳೆಯಷ್ಟಿರುವ ಕರ್ಸರನ್ನು ಹುಡುಕಬೇಕು. ಪಿಡಿಎಫ್‌ನಲ್ಲಿ ಪದ ನೋಡಿ, ಸೀದಾ ವಾಕ್ಯ ಟೈಪ್ ಮಾಡತೊಡಗಿದರೆ ಪ್ರತಿ ಪದದ ನಡುವಿನ ಖಾಲಿ ಜಾಗಕ್ಕೂ ಪಿಡಿಎಫ್ ಕೆಳಕ್ಕೆ ಜಾರುತ್ತದೆ. ವಾಕ್ಯ ಎಲ್ಲಿಯೂ ಮೂಡಿರುವುದಿಲ್ಲ, ನೋಡುತ್ತಿದ್ದ ಸಾಲೂ ಕೈತಪ್ಪಿರುತ್ತದೆ. ಇನ್ನು ಎರಡರ ನಡುವಿನ ಗಡಿ ಸರಿಸಬೇಕೆಂದರೆ ಹಿಡಿಯಲು ಅಂಚೇ ಇಲ್ಲ. ಮೆಟಾ ಒತ್ತಿಕೊಂಡು ಬಲ ಗುಂಡಿಯಿಂದ ಎಳೆಯಬಹುದು, ನಿಜ. ಟಚ್‌ಪ್ಯಾಡಿನ ಮೇಲೆ ಅದನ್ನು ಮಾಡಿ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಸಿಟ್ಟು ಇಳಿದದ್ದು ಡೆಸ್ಕ್‌ಟಾಪ್ ಪರಿಣಾಮಗಳ ಪಟ್ಟಿಯಲ್ಲಿ ‘ಡಿಮ್ ಇನ್‌ಆಕ್ಟಿವ್’ ಕಂಡಾಗ. ಕೆಲಸವಿಲ್ಲದ ವಿಂಡೋ ತುಸು ಮಬ್ಬಾಗುತ್ತದೆ, ಎಷ್ಟು ಎಂಬುದನ್ನು ನಾವೇ ನಿರ್ಧರಿಸಬಹುದು. ನಾನು ತೀರಾ ಕಡಿಮೆ ಇಟ್ಟಿದ್ದೇನೆ, ಪಿಡಿಎಫ್ ಓದಲೂ ಬೇಕಲ್ಲ.

ಮೆನು ವಿಷಯದಲ್ಲಿ ಮಾತ್ರ ನನಗೆ ತಕರಾರೇ ಇಲ್ಲ. ಕಂಟ್ರೋಲ್ ಎಂ ಒತ್ತಿದರೆ ಮೆನು ಅಡಗುತ್ತದೆ, ಮರಳಿ ತರುವುದು ಹೇಗೆಂದು ಹೇಳಿಯೇ ಅಡಗುತ್ತದೆ. ಹಿಂದೆ ಬಳಸುತ್ತಿದ್ದ ಇನ್ನೊಂದು ತಂತ್ರಾಂಶಕ್ಕೆ ಈ ಸೌಜನ್ಯವಿರಲಿಲ್ಲ. ಅಡಗಿಸುವ ಆಯ್ಕೆ ಇದ್ದದ್ದು ಮೆನುವಿನ ಒಳಗೆ, ತೋರಿಸುವ ಆಯ್ಕೆಯೂ ಅಲ್ಲೇ! ಇಲ್ಲಿ ಕಂಟ್ರೋಲ್ ಆಲ್ಟ್ ಐ ಒತ್ತಿ ಬೇಕಾದ ಆಜ್ಞೆಯ ಎರಡಕ್ಷರ ಟೈಪ್ ಮಾಡಿದರೆ ಅದು ಸಿಗುತ್ತದೆ. ಮೆನುವಿನ ಯಾವ ಮೂಲೆಯಲ್ಲಿತ್ತು ಎಂದು ನೆನಪಿಡುವ ಕಷ್ಟವೇ ತಪ್ಪಿತು.

ಈಗ ಅಂಚುಗಳನ್ನು ಅರ್ಧರ್ಧ ಕೂರುವ ವಿಂಡೋಗಳಿಗೆ ವಾಪಸ್ ಕೊಟ್ಟಿದ್ದೇನೆ. ಪೂರ್ತಿ ಹಿಗ್ಗಿಸಿದಾಗ ಮಾತ್ರ ಮಾಯವಾಗುತ್ತವೆ. ಇದಕ್ಕೆ ವಿಂಡೋಗಳ ಸೆಟ್ಟಿಂಗ್‌ಗಳಿರುವ ಕೆವಿನ್‌ಆರ್‌ಸಿ (kwinrc) ಕಡತದಲ್ಲಿ ಕೈಯಾರೆ ಒಂದು ಸಾಲು ಬರೆಯಬೇಕಾಯಿತು. ಇಷ್ಟು ಉಪಯೋಗದ ಸೌಲಭ್ಯಕ್ಕೆ ಒಂದು ಗುರುತು ಪೆಟ್ಟಿಗೆ (ಚೆಕ್‌ಬಾಕ್ಸ್) ಇಟ್ಟಿದ್ದರೆ ಚೆನ್ನಾಗಿತ್ತು. ತಮ್ಮ ಶೀರ್ಷಿಕೆ ಪಟ್ಟಿಯನ್ನು ತಾವೇ ಚಿತ್ರಿಸಿಕೊಳ್ಳುವ, ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್‌ನ ಬಗೆಯ ತಂತ್ರಾಂಶಗಳು ಈ ಸಾಲಿಗೂ ಸೊಪ್ಪು ಹಾಕುವುದಿಲ್ಲ.

ಐದರಲ್ಲಿ ನಾಲ್ಕು ಅಂಕ. 24 ಇಂಚಿನ ಪರದೆ ಇದ್ದವರು ಇಷ್ಟೆಲ್ಲ ಗೊಡವೆಗೆ ಹೋಗಬೇಡಿ, ಮೆನು ಅಡಗಿಸಿದರೆ ಸಾಕು.